ಸಿಇಟಿ ಅರ್ಜಿಗೆ ಮುನ್ನ ಶಾಲಾ ದಾಖಲೆ ನೋಡಿ

ಕಳಸದ ಕಡೆಯ ಹಳ್ಳಿಯೊಂದರಲ್ಲಿ ಏಳನೇ ತರಗತಿ ಮುಗಿಸಿದ ಹುಡುಗಿಯನ್ನು ಮನೆಯವರು ಮೂಡಿಗೆರೆ ಪಟ್ಟಣದ ಹೈಸ್ಕೂಲಿಗೆ ಸೇರಿಸುತ್ತಾರೆ ಎಂದುಕೊಳ್ಳಿ. ಮಲೆನಾಡಿನಲ್ಲಿ ಇದು ಮಾಮೂಲು. ಪಿಯುಸಿಯಲ್ಲಿ ಸಿಇಟಿ ಅರ್ಜಿ ತುಂಬುವಾಗ ಗ್ರಾಮೀಣ ಮೀಸಲಾತಿಯ ಪ್ರಶ್ನೆ ಬರುತ್ತದೆ. ಮನೆ ಇರುವುದು ಕಾಫಿ ತೋಟದ ನಡುವೆ, ಫೋನ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಆದರೂ ಆಕೆಗೆ ಆ ಕೋಟಾ ಇಲ್ಲ! ವೃತ್ತಿಪರ ಕೋರ್ಸ್‌ಗಳ ಸರ್ಕಾರಿ ಸೀಟಿಗೆ ಸಂಬಂಧಿಸಿದ 2006ರ ನಿಯಮಗಳು ಕೇಳುವುದು ಮನೆ ಎಲ್ಲಿದೆ ಎಂದಲ್ಲ, ಶಾಲೆ ಎಲ್ಲಿತ್ತು ಎಂದು. 1ರಿಂದ 10ರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಮಾತ್ರ ಈ ಶೇ 15ರ ಮೀಸಲಾತಿ. ಮೂಡಿಗೆರೆಯಲ್ಲಿರುವುದು ಪಟ್ಟಣ ಪಂಚಾಯಿತಿ, ಹಾಗಾಗಿ ಅದು ಗ್ರಾಮೀಣ ಪ್ರದೇಶದ ಲೆಕ್ಕಕ್ಕೆ ಬರುವುದಿಲ್ಲ.

ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆಕೆಗೆ ಶೇ 5ರ ಕನ್ನಡ ಮಾಧ್ಯಮ ಕೋಟಾ ಉಳಿದಿರುತ್ತದೆ. ಅದಕ್ಕೆ ಹಳ್ಳಿ, ಪಟ್ಟಣ ಎಂಬ ಭೇದವಿಲ್ಲ. ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು, ವಿದ್ಯಾರ್ಥಿಗಳ ಆನ್‌ಲೈನ್ ಮಾಹಿತಿ ವ್ಯವಸ್ಥೆಯಾದ ಸ್ಯಾಟ್ಸ್‌ನ ದಾಖಲೆ ಇವೆಲ್ಲ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಅಪ್ಪ ಅಮ್ಮ ತಮಿಳುನಾಡಿನವರೋ ಅಸ್ಸಾಮಿನವರೋ ಆದರೆ ಮಕ್ಕಳಿಗೆ ಇಲ್ಲಿ ಸರ್ಕಾರಿ ಸೀಟಿಲ್ಲ ಎಂಬ ಮಾತು ಸುಳ್ಳು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಇಲ್ಲೇ ಪಾಸಾಗಿದ್ದರೆ ಮಗು ಅರ್ಹ. ತಂದೆಯ ಊರನ್ನು ಆಗ ಯಾರೂ ಕೇಳುವಂತಿಲ್ಲ.

ಯಾವ ಪರೀಕ್ಷೆ? ಎಂಬಿಬಿಎಸ್‌ಗೆ ನೀಟ್ ಒಂದೇ ದಾರಿ. ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿಗೂ ಅದೇ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿಗೆ ಸಿಇಟಿ ಬೇಕು. ಕೃಷಿಕರ ಮಕ್ಕಳು ತಮ್ಮ ಕೋಟಾದಡಿ ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿ ಅಂಕಗಳದ್ದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಕಳೆಯುತ್ತಾರೆ. ನೀಟ್, ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌-ಕೆ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಸುರತ್ಕಲ್ ಎನ್‌ಐಟಿಯ ಅರ್ಧ ಸೀಟು ರಾಜ್ಯದವರಿಗೆ ಮೀಸಲು, ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಹನ್ನೆರಡನೇ ತರಗತಿ ಬರೆದ ರಾಜ್ಯ. ಕೋಚಿಂಗ್ ಹೆಸರಲ್ಲಿ ಮಗುವನ್ನು ಹೊರರಾಜ್ಯದ ಕಾಲೇಜಿಗೆ ಹಾಕುವವರು ಇದನ್ನು ಎರಡು ಸಲ ಯೋಚಿಸಲಿ.

ಅನ್ಯಾಯವಾದರೆ ಸುಮ್ಮನಿರಬೇಕಿಲ್ಲ. ಕೋವಿಡ್‌ನಿಂದ ಪರೀಕ್ಷೆ ರದ್ದಾದ 2021ರ ಪಿಯುಸಿ ಬ್ಯಾಚಿನ ಅಂಕಗಳನ್ನು 2022ರ ಸಿಇಟಿ ರ‍್ಯಾಂಕಿಗೆ ಪರಿಗಣಿಸದಿದ್ದಾಗ ವಿದ್ಯಾರ್ಥಿಗಳು ಹೈಕೋರ್ಟ್ ಮೆಟ್ಟಿಲೇರಿದರು. ಕೊನೆಗೆ ಹೊಸ ಸೂತ್ರದಡಿ ರ‍್ಯಾಂಕ್ ಪಟ್ಟಿ ಬದಲಾಯಿತು. 2024ರ ಸಿಇಟಿಯಲ್ಲಿ ಬಂದ, ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳ ವಿರುದ್ಧ ದನಿ ಎದ್ದಾಗ 240ರಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಕೀ ಉತ್ತರ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ. ಪಠ್ಯಪುಸ್ತಕದ ಪುಟವನ್ನೇ ಆಧಾರವಾಗಿ ಕೊಟ್ಟರೆ ವಾದಕ್ಕೆ ಬಲ.

ಕೋಚಿಂಗ್ ಸೆಂಟರುಗಳು ಗ್ರಾಹಕ ಕಾನೂನಿಗೆ ಒಳಪಟ್ಟಿವೆ. ಟಾಪರ್‌ಗಳ ಫೋಟೊವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಹಾಕುವಂತಿಲ್ಲ ಎನ್ನುತ್ತದೆ 2024ರ ನವೆಂಬರ್ ಮಾರ್ಗಸೂಚಿ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕಟ್ಟಿದ ಫೀಸಿನ ತಕರಾರಿಗೆ ಅಲ್ಲಿಗೇ ಅಲೆಯಬೇಕಿಲ್ಲ. ದೂರುದಾರರು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ರಸೀದಿ ಮಾತ್ರ ಎತ್ತಿಟ್ಟಿರಬೇಕು. ಸಹಾಯವಾಣಿ 1915.

ವಕೀಲರಿಗೆ ಕೊಡಲು ಹಣವಿಲ್ಲದವರು ಚಿಕ್ಕಮಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.