ಬೆಣ್ಣೆ, ಚೀಸ್ ಕಮ್ಮಿ ಮಾಡಿ ಮೀನು ಜಾಸ್ತಿ ಮಾಡಿದೆ: ಕೊಲೆಸ್ಟ್ರಾಲ್ ಇಳಿದದ್ದು ಹೇಗೆ?

ರೈತ ಮಿತ್ರರೇ, ಈ ವಾರ ಬೆಳೆ ವಿಚಾರ ಬಿಟ್ಟು ನಮ್ಮ ತಟ್ಟೆಯ ವಿಚಾರ ಬರೀತಿದ್ದೀನಿ. ಕೊನೆಗೆ ಕೃಷಿ ಹೊಂಡಕ್ಕೇ ಬರ್ತೀನಿ, ಚಿಂತೆ ಬೇಡ.

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ದು ನಿಮಗೆ ನೆನಪಿರಬಹುದು. ನಾನೂ ಹೆದರಿದೆ. ಅಷ್ಟು ದೂರ ಹೋಗದೆ ತಾಲ್ಲೂಕು ಕೇಂದ್ರದ ಲ್ಯಾಬ್‌ನಲ್ಲೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ. ವಯಸ್ಸು 33, ದಿನಾ ಹೊಲದ ಕೆಲಸ, ಬೀಡಿ-ಸಿಗರೇಟ್ ಇಲ್ಲ. ನನಗೇನು ಬಂದಿರುತ್ತೆ ಅನ್ನೋ ಧೈರ್ಯ ಇತ್ತು. ರಿಪೋರ್ಟ್ ನೋಡಿದರೆ ಎಲ್‌ಡಿಎಲ್ 171, ಟ್ರೈಗ್ಲಿಸರೈಡ್ 248!

ಲಿಪಿಡ್ ಪ್ರೊಫೈಲ್ ಅನ್ನೋ ಈ ಪರೀಕ್ಷೆಯಲ್ಲಿ ಎಲ್‌ಡಿಎಲ್ ಅಂದರೆ ರಕ್ತನಾಳದ ಗೋಡೆಗೆ ಹೋಗಿ ಕೂರುವ ಕೊಲೆಸ್ಟ್ರಾಲ್. ಅದು 100ರ ಒಳಗಿದ್ದರೆ ಒಳ್ಳೆಯದು, 160 ದಾಟಿದರೆ ಹೆಚ್ಚು ಅಂತ ಲೆಕ್ಕ. ಟ್ರೈಗ್ಲಿಸರೈಡ್ ರಕ್ತದಲ್ಲಿ ಓಡಾಡುವ ಕೊಬ್ಬು, 150ರ ಒಳಗಿರಬೇಕು. ಎಚ್‌ಡಿಎಲ್ ಮಾತ್ರ ಜಾಸ್ತಿ ಇದ್ದಷ್ಟು ವಾಸಿ, ಗಂಡಸರಿಗೆ 40ರ ಮೇಲಾದರೂ ಇರಬೇಕು. ನನ್ನದು 36.

ಡಾಕ್ಟರ್ ರಿಪೋರ್ಟ್ ನೋಡಿ ಮೊದಲು ಕೇಳಿದ್ದು, "ಮನೇಲಿ ಹಸು ಇದೆಯಾ?"

"ನಾಲ್ಕಿವೆ ಸಾರ್."

"ಡೈರಿಗೆ ಹಾಕಿ ಮಿಕ್ಕಿದ್ದು?"

ಮಿಕ್ಕಿದ್ದು ಬೆಣ್ಣೆ, ಬೆಣ್ಣೆಯಿಂದ ತುಪ್ಪ. ಮುದ್ದೆಗೆ ತುಪ್ಪ, ಅನ್ನಕ್ಕೆ ತುಪ್ಪ, ದೋಸೆಗೆ ಬೆಣ್ಣೆ. ಹಾಲಿನ ಬಟವಾಡೆ ಆದ ದಿನ ಗೆಳೆಯರ ಜೊತೆ ಪೇಟೆಗೆ ಹೋದರೆ ಚೀಸ್ ದೋಸೆ, ಪಿಜ್ಜಾ, ಪನೀರ್ ಬಟರ್ ಮಸಾಲ. ಹಿಂದೆ ಚೀಸ್ ನಮ್ಮ ಕಡೆ ಯಾರಿಗೆ ಗೊತ್ತಿತ್ತು ಹೇಳಿ? ಈಗ ಬೇಕರಿಯ ಬನ್ನಿನಲ್ಲೂ ಅದೇ. ಎಲ್ಲಾ ಕೇಳಿಸಿಕೊಂಡು ಡಾಕ್ಟರ್, "ಬೆಣ್ಣೆ, ತುಪ್ಪ, ಚೀಸ್ ಕಮ್ಮಿ ಮಾಡಪ್ಪ. ಮೀನು ಜಾಸ್ತಿ ಮಾಡು. ಮೂರು ತಿಂಗಳು ಬಿಟ್ಟು ಬಾ" ಅಂದರು.

ನಾನು ಆ ಮಾತಿನ ಎರಡನೇ ಅರ್ಧ ಮಾತ್ರ ಪಾಲಿಸಿದೆ. ವಾರಕ್ಕೆ ಮೂರು ದಿನ ಪೇಟೆಯ ಗಾಡಿಯಲ್ಲಿ ಮೀನಿನ ಕಬಾಬ್, ತವಾ ಫ್ರೈ. ಮನೆಗೆ ಬಂದು ಮುದ್ದೆಗೆ ತುಪ್ಪ. ಮೀನು ತಿಂತಿದ್ದೀನಲ್ಲ, ಅದೇ ಎಲ್ಲಾ ಇಳಿಸುತ್ತೆ ಅನ್ನೋ ನಂಬಿಕೆ. ಮೂರು ತಿಂಗಳಾದ ಮೇಲೆ ಎಲ್‌ಡಿಎಲ್ 168. ಮೂರು ತಿಂಗಳು ಮೀನು ತಿಂದು ಇಳಿದದ್ದು ಮೂರೇ ಪಾಯಿಂಟು. "ಇನ್ನೊಂದ್ಸಲ ನೋಡೋಣ, ಇಳೀದಿದ್ರೆ ಮಾತ್ರೆ ಶುರು ಮಾಡ್ತೀನಿ" ಅಂದು, ನಾನು ತಪ್ಪಿದ್ದೆಲ್ಲಿ ಅಂತ ಕೂರಿಸಿಕೊಂಡು ಹೇಳಿದರು. ನಿಮಗೆ ನಾನು ಹೇಳಬೇಕಾದ್ದೂ ಅದೇ.

ನಮ್ಮ ಲಿವರ್ ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತೆ. ಅದಕ್ಕೆ ಲಿವರ್ ಮೇಲೆ ಕೊಕ್ಕೆಗಳಂಥ ವ್ಯವಸ್ಥೆ ಇದೆ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚು ತಿಂದರೆ ಈ ಕೊಕ್ಕೆಗಳು ಕಮ್ಮಿಯಾಗ್ತವೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತೆ. ಬೆಣ್ಣೆ, ತುಪ್ಪ, ಡಾಲ್ಡಾ ಥರ ತಣ್ಣಗಿದ್ದಾಗ ಗಟ್ಟಿಯಾಗುವ ಕೊಬ್ಬಿನಲ್ಲಿ ಇದು ಜಾಸ್ತಿ. ಕೊಬ್ಬರಿ ಎಣ್ಣೆಯಲ್ಲಂತೂ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಇದೇ. ತಾಳೆ ಎಣ್ಣೆಯಲ್ಲಿ ಅರ್ಧದಷ್ಟು. ನನ್ನ ಕಬಾಬ್ ಕರಿದದ್ದು ಯಾವ ಎಣ್ಣೆಯಲ್ಲಿ ಅಂತ ಆಮೇಲೆ ಗಾಡಿಯವನನ್ನು ಕೇಳಿದೆ. ತಾಳೆ ಎಣ್ಣೆ, ಅದೂ ಮತ್ತೆ ಮತ್ತೆ ಕಾಯಿಸಿದ್ದು.

ಮೀನಿನ ಒಮೆಗಾ-3 ಕೊಬ್ಬು ಮುಖ್ಯವಾಗಿ ಇಳಿಸುವುದು ಟ್ರೈಗ್ಲಿಸರೈಡನ್ನು. ಎಲ್‌ಡಿಎಲ್ ಅನ್ನು ಅದು ತಾನಾಗಿ ಅಷ್ಟೇನೂ ಇಳಿಸಲ್ಲ. ಬೆಣ್ಣೆ, ಚೀಸ್ ಇದ್ದ ಜಾಗಕ್ಕೆ ಮೀನು ಬಂದಾಗ, ಆ ಸ್ಯಾಚುರೇಟೆಡ್ ಕೊಬ್ಬು ಹೊಟ್ಟೆಗೆ ಹೋಗೋದು ತಪ್ಪುತ್ತಲ್ಲ, ಆಗ ಎಲ್‌ಡಿಎಲ್ ಇಳಿಯುತ್ತೆ. ತುಪ್ಪದ ಮೇಲೆ ಮೀನು ಸೇರಿಸಿಕೊಂಡರೆ ಲೆಕ್ಕ ಅಲ್ಲಿಗಲ್ಲಿಗೇ.

ಹಾಲು ಹಾಕುವವರಿಗೆ ಈ ಲೆಕ್ಕ ಕಷ್ಟ ಅಲ್ಲ. ಡೈರಿಯಲ್ಲಿ ಫ್ಯಾಟ್ ನೋಡಿ ತಾನೇ ದುಡ್ಡು ಕೊಡೋದು. 4 ಪರ್ಸೆಂಟ್ ಫ್ಯಾಟ್ ಇರುವ ಹಸುವಿನ ಹಾಲು ಸುಮಾರು 10 ಲೀಟರ್ ಸೇರಿದರೆ ಒಂದು ಕೆಜಿ ಚೀಸ್. ಅಂದರೆ ಒಂದು ಬಕೆಟ್ ಹಾಲಿನ ಕೊಬ್ಬು ಕೈಯಲ್ಲಿ ಹಿಡಿಯುವಷ್ಟು ಗಡ್ಡೆಯೊಳಗೆ ಕೂತಿರುತ್ತೆ. 100 ಗ್ರಾಂ ಚೆಡ್ಡಾರ್ ಚೀಸ್‌ನಲ್ಲಿ ಸ್ಯಾಚುರೇಟೆಡ್ ಕೊಬ್ಬೇ 20 ಗ್ರಾಂ ಹತ್ತಿರ. ಒಂದು ದೊಡ್ಡ ಚಮಚ ತುಪ್ಪದಲ್ಲಿ 8-9 ಗ್ರಾಂ. ಅದೇ 100 ಗ್ರಾಂ ರೋಹು ಮೀನಿನಲ್ಲಿ ಒಂದು ಗ್ರಾಮೂ ಇಲ್ಲ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ ಒಳಗಿರಲಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ನಾನು ಮುದ್ದೆಗೆ ಹಾಕಿಕೊಳ್ತಿದ್ದ ತುಪ್ಪದಲ್ಲೇ ಅದು ಮುಗೀತಿತ್ತು.

ಚೀಸ್‌ಗೆ ಅನ್ಯಾಯ ಮಾಡಬಾರದು. ಅಷ್ಟೇ ಕೊಬ್ಬನ್ನು ಬೆಣ್ಣೆಯಾಗಿ ತಿಂದರೆ ಎಲ್‌ಡಿಎಲ್ ಏರುವಷ್ಟು ಚೀಸ್ ತಿಂದರೆ ಏರಲ್ಲ ಅಂತ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಪೇಟೆಯಲ್ಲಿ ಚೀಸ್ ಒಂದೇ ಬರಲ್ಲ. ಮೈದಾ, ಬೆಣ್ಣೆ, ಉಪ್ಪು, ಜೊತೆಗೊಂದು ತಂಪು ಪಾನೀಯ ಎಲ್ಲಾ ಸೇರೇ ಬರುತ್ತೆ. ಮೈದಾ, ಸಕ್ಕರೆ, ಎಣ್ಣೆ ಪಾರ್ಟಿ (ಯಾವ ಎಣ್ಣೆ ಅಂತ ನಿಮಗೆ ಗೊತ್ತು) ಟ್ರೈಗ್ಲಿಸರೈಡ್ ಏರಿಸ್ತವೆ.

ಅವ್ವನಿಗೆ ಇದನ್ನೆಲ್ಲ ಹೇಳಿದಾಗ ಬೈಸಿಕೊಂಡೆ. "ನಿಮ್ ತಾತ ತುಪ್ಪ ತಿಂದೇ ಎಂಬತ್ ವರ್ಷ ಬದುಕ್ಲಿಲ್ವೇನ್ಲಾ?" ಬದುಕಿದ್ದು ನಿಜ. ತಾತನಿಗೆ ಟಿಲ್ಲರ್ ಇರಲಿಲ್ಲ, ಬೈಕ್ ಇರಲಿಲ್ಲ, ತುಪ್ಪ ಸಿಗ್ತಿದ್ದದ್ದೂ ಹಬ್ಬಕ್ಕೆ. ಕೊನೆಗೆ ಒಪ್ಪಂದ ಆಯ್ತು: ತುಪ್ಪ ದಿನಕ್ಕೆ ಒಂದು ಸಣ್ಣ ಚಮಚ, ಮಿಕ್ಕ ತುಪ್ಪ ಮಾರೋದು. ಮನೆ ತುಪ್ಪಕ್ಕೆ ಗಿರಾಕಿ ಹುಡುಕಬೇಕಾಗೇ ಇಲ್ಲ, ಆ ದುಡ್ಡಿಗೆ ಅವ್ವನೂ ಸುಮ್ಮನಾದಳು. ಬೆಣ್ಣೆ ತೆಗೆದ ಮಜ್ಜಿಗೆ ಎಷ್ಟು ಬೇಕಾದರೂ ಕುಡೀತೀನಿ.

ಇನ್ನು ಮೀನು. ಒಮೆಗಾ-3 ಜಾಸ್ತಿ ಬೇಕಂದ್ರೆ ಸಮುದ್ರದ ಬೂತಾಯಿ, ಬಂಗುಡೆ. ದುಬಾರಿ ಅಂಜಲ್ ತಿಂದರೇ ಒಳ್ಳೆಯದು ಅಂದುಕೊಳ್ಳೋದು ಬೇಡ, ಅಗ್ಗದ ಬೂತಾಯಿ ಈ ವಿಚಾರದಲ್ಲಿ ಏನೂ ಕಮ್ಮಿ ಇಲ್ಲ. ಕಿವಿರು ಕೆಂಪಗೆ, ಕಣ್ಣು ತಿಳಿಯಾಗಿ ಇದೆಯಾ ನೋಡಿ ತಗೊಳ್ಳಿ. ನಮ್ಮ ಕೆರೆ-ಹೊಂಡದ ಕಾಟ್ಲಾ, ರೋಹು, ಗೆಂಡೆಯಲ್ಲಿ ಕೊಬ್ಬೇ ಕಮ್ಮಿ, ಹಾಗಾಗಿ ಒಮೆಗಾ-3ಯೂ ಕಮ್ಮಿ. ಆದರೆ ಪನೀರ್, ಮಟನ್ ಜಾಗಕ್ಕೆ ಇಡೋಕೆ ಇವು ಬಲು ಚೆನ್ನ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತೆ. ಆ ಎರಡು ತಿಂಗಳು ನಮ್ಮ ಕಡೆ ಬರುವ ಸಮುದ್ರದ ಮೀನು ದುಬಾರಿ, ತಾಜಾ ಅನ್ನೋದೂ ಅನುಮಾನ. ಆಗ ನಮ್ಮನ್ನು ಕಾಯೋದು ಹೊಂಡವೇ.

ನಮ್ಮದು 21 ಮೀಟರ್ ಉದ್ದ, ಅಷ್ಟೇ ಅಗಲದ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ. ಬೋರ್‌ವೆಲ್ ನೀರೂ ಬಿಡೋದ್ರಿಂದ ವರ್ಷಪೂರ್ತಿ ನೀರಿರುತ್ತೆ. ಬೆರಳುದ್ದದ 200 ಮರಿ ಬಿಟ್ಟಿದ್ದೆ, ಅಷ್ಟು ಜಾಗಕ್ಕೆ ಅಷ್ಟೇ ಸಾಕು. ತೀರಾ ಸಣ್ಣ ಮರಿ ಬಿಟ್ಟರೆ ಕಪ್ಪೆ, ಹಾವು, ಹಕ್ಕಿ ಪಾಲು. ನೀರು ಏಳೆಂಟು ತಿಂಗಳು ಮಾತ್ರ ನಿಲ್ಲುವ ಹೊಂಡವಾದರೆ ಬೇಗ ಬೆಳೆಯುವ ಗೆಂಡೆ ಜಾಸ್ತಿ ಬಿಡಿ. ತೌಡು ಮತ್ತು ಕಡಲೆಕಾಯಿ ಹಿಂಡಿ ಸಮಸಮ ಕಲಸಿ ದಿನಾ ಒಂದೇ ಜಾಗದಲ್ಲಿ ಹಾಕಿ. ಮರಿ ಎಲ್ಲಿ ಸಿಗುತ್ತೆ ಅಂತ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ತಿನ್ನುವ ಮೀನು ಅಂದ ಮೇಲೆ ಔಷಧಿ ಹೊಡೆದ ಸ್ಪ್ರೇಯರ್, ಡ್ರಮ್ ತೊಳೆದ ನೀರು ಹೊಂಡ ಸೇರಬಾರದು. ಸುತ್ತ ಬೇಲಿ ಇಲ್ಲದಿದ್ದರೆ ಮೀನಿನ ಯೋಚನೆಗೆ ಮುಂಚೆ ಬೇಲಿ ಹಾಕಿ. ಪ್ಲಾಸ್ಟಿಕ್ ಮೇಲೆ ಜಾರಿದರೆ ಈಜು ಬರುವವರೂ ಮೇಲೆ ಹತ್ತೋದು ಕಷ್ಟ.

ಮೊದಲು ಹೊಂಡದ ಮೀನೆಲ್ಲ ಮಾರುತ್ತಿದ್ದೆವು, ಮನೆಗೆ ಬರ್ತಿದ್ದದ್ದು ಅಪರೂಪ. ಈಗ ವಾರಕ್ಕೊಂದು ಕೆಜಿ ಮನೆಗೆ. ಒಂದು ದಿನ ಹೊಂಡದ್ದು, ಒಂದು ದಿನ ಬಂಗುಡೆ ಅಥವಾ ಬೂತಾಯಿ. ಎರಡೂ ಸಾರೇ, ಕರಿಯೋದಿಲ್ಲ. ಹುಣಸೆಹುಳಿ, ಟೊಮೆಟೊ, ಈರುಳ್ಳಿ ಜಾಸ್ತಿ ಹಾಕಿ ತೆಂಗಿನಕಾಯಿ ಒಂದು ಹಿಡಿಗೆ ಇಳಿಸಿದ್ದಾಳೆ ನನ್ನ ಹೆಂಡತಿ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ ಎರಡು ಚಮಚ. ಫ್ರೈ ತಿನ್ನಲೇಬೇಕು ಅನಿಸಿದ ದಿನ ಹೆಂಚಿನ ಮೇಲೆ ಎಣ್ಣೆ ಸವರಿ ಸುಡ್ತೀವಿ, ಅಷ್ಟೇ.

ಮೀನು ಮುಟ್ಟದ ಮನೆಯವರು ತುಪ್ಪ-ಚೀಸ್ ಜಾಗಕ್ಕೆ ಹುರುಳಿ, ಅವರೆ, ಹೆಸರುಕಾಳು, ಒಂದು ಚಮಚ ಅಗಸೆ ಬೀಜದ ಪುಡಿ ತಂದರೂ ಎಲ್‌ಡಿಎಲ್ ಇಳಿಯುತ್ತೆ. ಆದರೆ ಡಾಕ್ಟರ್ ಈಗಾಗಲೇ ಮಾತ್ರೆ ಬರೆದುಕೊಟ್ಟಿದ್ದರೆ ಮೀನು ತಿಂತೀನಿ ಅಂತ ಅದನ್ನು ನಿಲ್ಲಿಸಬೇಡಿ. ಅಪ್ಪ, ಅಣ್ಣ-ತಮ್ಮಂದಿರಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ತೊಂದರೆ ಆದವರಿದ್ದರೆ ವಯಸ್ಸು 25 ಆದರೂ ಪರೀಕ್ಷೆ ಮಾಡಿಸಿ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ಹೆಚ್ಚಿರುತ್ತೆ, ಅದು ಊಟದಿಂದ ಮಾತ್ರ ಇಳಿಯೋದಿಲ್ಲ. ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರದೆ ತಕ್ಷಣ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ.

ಹೀಗೆ ಇನ್ನೂ ಮೂರು ತಿಂಗಳು ನಡೆಸಿ ರಕ್ತ ಕೊಟ್ಟಾಗ ಎಲ್‌ಡಿಎಲ್ 139, ಟ್ರೈಗ್ಲಿಸರೈಡ್ 164. ಎಚ್‌ಡಿಎಲ್ ಮಾತ್ರ 38ರಲ್ಲೇ ನಿಂತಿದೆ. "ಮಾತ್ರೆ ಸದ್ಯಕ್ಕೆ ಬೇಡ, ಆದ್ರೆ ಇನ್ನೂ ಇಳೀಬೇಕು" ಅಂದಿದ್ದಾರೆ ಡಾಕ್ಟರ್. ಮುಂದಿನ ಪರೀಕ್ಷೆ ಆರು ತಿಂಗಳಿಗೆ. ಅಷ್ಟರಲ್ಲಿ ಹೊಂಡಕ್ಕೆ ಹೊಸ ಮರಿ ಬಿಡಬೇಕು, ಈ ಸಲ ಗೆಂಡೆ ಜಾಸ್ತಿ. ರೋಹುವಿನ ಸಣ್ಣ ಮುಳ್ಳು ಮಕ್ಕಳಿಗೆ ಬಿಡಿಸಿ ಕೊಟ್ಟೂ ಕೊಟ್ಟೂ ನನ್ನ ಸಾರು ಆರಿ ಹೋಗುತ್ತೆ.