ಬೋರ್ಡು ಬರೆಯುವ ಲೆಕ್ಕ



ಅಂಗಡಿಯ ಮೇಲೆ, ಬಸ್ಸಿನ ಹಣೆಯ ಮೇಲೆ, ಲಾರಿಯ ಬಾಗಿಲ ಮೇಲೆ, ಆಟೋದ ಹಿಂದೆ ನಾವು ದಿನಾ ಎಷ್ಟೋ ಬೋರ್ಡುಗಳನ್ನು ನೋಡುತ್ತೇವೆ. ಕೆಲವನ್ನು ಒಂದೇ ನೋಟಕ್ಕೆ ಓದಿಬಿಡ್ತೀವಿ. ಕೆಲವನ್ನು ಹತ್ತಿರ ಹೋಗಿ ನಿಂತು ಓದಬೇಕು. ಹೀಗೇಕೆ? ಬೋರ್ಡು ಬರೆಯುವುದರಲ್ಲಿ ಗಣಿತ, ವಿಜ್ಞಾನ, ಕನ್ನಡ ಮೂರೂ ಪಾಠಗಳಿವೆ. ಒಂದೊಂದಾಗಿ ತಿಳಿಯೋಣ.

1. ಗಣಿತ: ಅಕ್ಷರ ಎಷ್ಟು ದೊಡ್ಡದು?

ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಎಷ್ಟು ದೂರ ಹೋಗುತ್ತದೆ?

36,000 ಮೀಟರ್ ÷ 3,600 ಸೆಕೆಂಡ್ = 10 ಮೀಟರ್.

ಗಾಡಿಯಲ್ಲಿ ಕೂತವರಿಗೆ ರಸ್ತೆ ಪಕ್ಕದ ಬೋರ್ಡು ಓದಲು 3 ಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. 3 × 10 = 30 ಮೀಟರ್, ಅಂದರೆ ಸುಮಾರು 100 ಅಡಿ. ಅಷ್ಟು ದೂರದಿಂದಲೇ ಅಕ್ಷರ ಕಾಣಬೇಕು. ಬೋರ್ಡು ಬರೆಯುವವರಲ್ಲಿ ಒಂದು ಸುಲಭ ಲೆಕ್ಕ ಇದೆ. 10 ಅಡಿ ದೂರಕ್ಕೆ 1 ಅಂಗುಲ ಎತ್ತರದ ಅಕ್ಷರ. ಹಾಗಾದರೆ 100 ಅಡಿಗೆ 10 ಅಂಗುಲ. ನಮ್ಮ ದೊಡ್ಡ ಸ್ಕೇಲಿಗಿಂತ 2 ಅಂಗುಲ ಮಾತ್ರ ಕಡಿಮೆ!

ಈಗ 4 ಅಡಿ ಎತ್ತರದ ಬೋರ್ಡು ತೆಗೆದುಕೊಳ್ಳಿ. 4 ಅಡಿ ಅಂದರೆ 48 ಅಂಗುಲ. 10 ಅಂಗುಲದ ಮೂರು ಸಾಲು ಬರೆದರೆ 30 ಅಂಗುಲ ಹೋಯಿತು. ಉಳಿದ 18 ಅಂಗುಲ ಮೇಲೆ, ಕೆಳಗೆ, ಸಾಲುಗಳ ನಡುವೆ ಖಾಲಿ ಬಿಡಲು ಬೇಕು. ನಾಲ್ಕನೇ ಸಾಲಿಗೆ ಜಾಗವೇ ಇಲ್ಲ. ಆದ್ದರಿಂದ ಯಾವ ಮೂರು ಮಾತು ಮುಖ್ಯ ಅಂತ ಮೊದಲೇ ಯೋಚಿಸಬೇಕು. ಖಾಲಿ ಜಾಗ ದಂಡ ಅಂತ ತಿಳಿಯಬಾರದು. ಅಕ್ಷರ ಎದ್ದು ಕಾಣುವುದೇ ಅದರಿಂದ.

2. ವಿಜ್ಞಾನ: ಯಾವ ಬಣ್ಣದ ಮೇಲೆ ಯಾವ ಬಣ್ಣ?

ತಿಳಿ ಬಣ್ಣದ ಮೇಲೆ ಗಾಢ ಬಣ್ಣ, ಇಲ್ಲವೇ ಗಾಢ ಬಣ್ಣದ ಮೇಲೆ ತಿಳಿ ಬಣ್ಣ. ಇದೇ ನಿಯಮ. ನಮ್ಮ ದೇಶದ ನಂಬರ್ ಪ್ಲೇಟುಗಳನ್ನೇ ನೋಡಿ.

ಸ್ವಂತ ಗಾಡಿ – ಬಿಳಿ ಮೇಲೆ ಕಪ್ಪು
ಬಾಡಿಗೆ ಗಾಡಿ – ಹಳದಿ ಮೇಲೆ ಕಪ್ಪು
ಸ್ವಂತ ವಿದ್ಯುತ್ ಗಾಡಿ – ಹಸಿರು ಮೇಲೆ ಬಿಳಿ
ಬಾಡಿಗೆ ವಿದ್ಯುತ್ ಗಾಡಿ – ಹಸಿರು ಮೇಲೆ ಹಳದಿ

ಹಸಿರು ಮೇಲೆ ಕೆಂಪು ಎಲ್ಲೂ ಇಲ್ಲ. ಏಕೆಂದರೆ ಎರಡೂ ಗಾಢವಾಗಿ ಒಂದರಲ್ಲೊಂದು ಸೇರಿಹೋಗುತ್ತವೆ. ಸಂಜೆಯ ಮಬ್ಬು ಬೆಳಕಿನಲ್ಲಿ ಕೆಂಪು ಬಣ್ಣ ಕಪ್ಪಗೆ ಕಾಣುತ್ತದೆ. ಅಲ್ಲದೆ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಇದಕ್ಕೆ ಬಣ್ಣಗುರುಡು ಎನ್ನುತ್ತಾರೆ.

ಶಾಲಾ ಬಸ್ಸು ಹಳದಿ ಯಾಕೆ ಗೊತ್ತಾ? 1939ರಲ್ಲಿ ಅಮೆರಿಕದಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಒಂದು ಸಭೆ ಕರೆದರು. ಅಲ್ಲಿ ಎಲ್ಲಾ ಶಾಲಾ ಬಸ್ಸಿಗೂ ಹಳದಿ ಬಣ್ಣ ಅಂತ ತೀರ್ಮಾನ ಆಯಿತು. ಬೆಳಗಿನ ಜಾವದ ಮಂದ ಬೆಳಕಿನಲ್ಲೂ ಹಳದಿ ಕಾಣುತ್ತದೆ, ಅದರ ಮೇಲಿನ ಕಪ್ಪಕ್ಷರ ಓದಲು ಬರುತ್ತದೆ. ನಮ್ಮ ದೇಶದಲ್ಲೂ ಶಾಲಾ ಬಸ್ಸಿಗೆ ಹಳದಿಯೇ ಬಣ್ಣ.

3. ಕನ್ನಡ: ದೀರ್ಘ, ಒತ್ತು ಜೋಪಾನ

ಇಂಗ್ಲಿಷ್ ಅಕ್ಷರ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ನಮ್ಮ ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. "ವಸ್ತ್ರಾಲಯ" ಎಂದು ಬರೆದರೆ ಒಂದೇ ಅಕ್ಷರಕ್ಕೆ ಎರಡು ಒತ್ತು! ಸಾಲುಗಳನ್ನು ಒತ್ತಾಗಿ ಬರೆದರೆ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಅದಕ್ಕೇ ಕನ್ನಡ ಬೋರ್ಡಿನಲ್ಲಿ ಸಾಲಿನ ನಡುವೆ ಹೆಚ್ಚು ಜಾಗ ಬೇಕು.

"ಬಳೆ ಅಂಗಡಿ", "ಬಾಳೆ ಅಂಗಡಿ" ಎರಡನ್ನೂ ಬರೆದು ನೋಡಿ. ಒಂದು ದೀರ್ಘ ಮಾಸಿಹೋದರೆ ಬಾಳೆಹಣ್ಣಿನ ಅಂಗಡಿಗೆ ಬಳೆ ಕೇಳಲು ಜನ ಬರ್ತಾರೆ! ಪ, ಷ, ಫ ಇವುಗಳಲ್ಲಿ ಇರುವುದೂ ಸಣ್ಣ ಗೆರೆಯ ವ್ಯತ್ಯಾಸ. ಹೂಬಳ್ಳಿ ಬಿಟ್ಟ ಹಾಗೆ ಅಲಂಕಾರ ಮಾಡಿದರೆ ಈ ಗೆರೆಗಳು ಮುಚ್ಚಿಹೋಗುತ್ತವೆ. ದುಂಡಗೆ, ಬಿಡಿಬಿಡಿಯಾಗಿ ಬರೆದ ಅಕ್ಷರವೇ ಚೆಂದ.

ಇನ್ನೊಂದು ವಿಷಯ. 2024ರ ತಿದ್ದುಪಡಿ ಕಾಯ್ದೆಯಂತೆ ನಮ್ಮ ರಾಜ್ಯದಲ್ಲಿ ಅಂಗಡಿಗಳ ನಾಮಫಲಕದಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ.

4. ಗಾಡಿಯ ಮೇಲೆ ಬರೆಯುವಾಗ

ಗಾಡಿಯ ಪಕ್ಕದಲ್ಲಿ ಬರೆದದ್ದು ಕಣ್ಣ ಮುಂದೆ ಸರ್ರಂತ ಹೋಗುತ್ತದೆ. ಹಿಂದೆ ಬರೆದದ್ದನ್ನು ಹಿಂದಿನ ಗಾಡಿಯವರು ಬಹಳ ಹೊತ್ತು ನೋಡುತ್ತಾರೆ. ಆದ್ದರಿಂದ ಫೋನ್ ನಂಬರ್ ಹಿಂದೆ ಇರಬೇಕು. ಬಾಗಿಲು ಸೇರುವ ಸಂದು, ಹಿಡಿ, ಚಿಲಕ ಇರುವ ಕಡೆ ಅಕ್ಷರ ಬರೆಯಬಾರದು. ನಂಬರ್ ಪ್ಲೇಟ್ ಮುಚ್ಚಬಾರದು. ಆಂಬ್ಯುಲೆನ್ಸಿನ ಮುಂದೆ ಅದರ ಹೆಸರನ್ನು ತಿರುಗುಮುರುಗಾಗಿ ಬರೆದಿರುತ್ತಾರೆ. ಮುಂದೆ ಹೋಗುವ ಡ್ರೈವರಿಗೆ ಕನ್ನಡಿಯಲ್ಲಿ ಅದು ನೆಟ್ಟಗೆ ಕಾಣುತ್ತದೆ, ಕೂಡಲೇ ದಾರಿ ಬಿಡುತ್ತಾನೆ. 108 ಅನ್ನೋದು ಮೂರೇ ಅಂಕಿ, ಅದಕ್ಕೇ ಎಲ್ಲರಿಗೂ ಬಾಯಿಪಾಠ.

ನಮ್ಮ ಬೀದಿಯ ಅಣ್ಣ ಒಬ್ಬರು ಸಾಲ ಮಾಡಿ ಗೂಡ್ಸ್ ಆಟೋ ತಂದರು. ಬಾಡಿಗೆ ಬಂದರೆ ತಾನೇ ಕಂತು ಕಟ್ಟೋದು? ಆದರೆ ಆಟೋದ ಹಿಂದೆ ದೇವರ ಹೆಸರು, ಮಕ್ಕಳ ಹೆಸರು, ಸಿನಿಮಾ ನಟರ ಚಿತ್ರ, ಎರಡು ನವಿಲು ಎಲ್ಲಾ ಇದ್ದವು. ಫೋನ್ ನಂಬರ್ ಮೂಲೆಯಲ್ಲಿ ಬೆರಳುಗಾತ್ರ. ಆಮೇಲೆ ಪೇಂಟರ್ ಮಾಮ ಹಳದಿ ಬಣ್ಣ ಬಳಿದು ಕಪ್ಪಕ್ಷರದಲ್ಲಿ ಎರಡೇ ಸಾಲು ಬರೆದುಕೊಟ್ಟರು: "ಬಾಡಿಗೆಗೆ ಇದೆ", ಕೆಳಗೆ ನಂಬರ್. ದೇವರ ಹೆಸರನ್ನು ಮುಂದೆ, ಗಾಜಿನ ಮೇಲ್ಗಡೆ ಬರೆದರು. ಈಗ ಸಂತೆಯ ದಿನ ಜನ ನಂಬರ್ ನೋಡಿಕೊಂಡೇ ಫೋನ್ ಮಾಡ್ತಾರೆ ಅಂತ ಅಣ್ಣ ಹೇಳಿದರು.

5. ಓದಲು ಬಾರದವರಿಗೆ?

ಇದೇ ಎಲ್ಲಕ್ಕಿಂತ ಮುಖ್ಯ. ಬಾಂಗ್ಲಾದೇಶದಲ್ಲಿ ಬಹಳ ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಸಿಕ್ಕಿತು. ಅಲ್ಲಿ ವಿಷ ಇರುವ ಪಂಪಿಗೆ ಕೆಂಪು, ಒಳ್ಳೆಯ ನೀರಿನ ಪಂಪಿಗೆ ಹಸಿರು ಬಳಿದರು. ಒಂದು ಅಕ್ಷರವೂ ಬೇಡ, ಬಣ್ಣವೇ ಬೋರ್ಡು.

ಈಗ ನಮ್ಮ ಶಾಲೆಯ ಹಿಂದಿನ ನಲ್ಲಿಗೆ ಬನ್ನಿ. ಅದರ ನೀರು ಗಿಡಕ್ಕೆ, ಕೈಕಾಲು ತೊಳೆಯಲು ಮಾತ್ರ. ಅಲ್ಲಿರುವ ಹಳೇ ತಗಡಿನಲ್ಲಿ "ಈ ನಲ್ಲಿಯ ನೀರನ್ನು ಕುಡಿಯುವ ಉದ್ದೇಶಕ್ಕಾಗಿ ಉಪಯೋಗಿಸಬಾರದಾಗಿ ಈ ಮೂಲಕ ತಿಳಿಯಪಡಿಸಲಾಗಿದೆ" ಅಂತ ಸಣ್ಣಕ್ಷರದಲ್ಲಿ ಇದೆ. ಅರ್ಧ ತುಕ್ಕು ತಿಂದಿದೆ. ಒಂದನೇ ತರಗತಿಯ ಚಿಕ್ಕ ಮಕ್ಕಳು ಇಷ್ಟುದ್ದ ಓದ್ತಾರಾ? ಆಟ ಮುಗಿಸಿ ಬಾಯಾರಿ ಬಂದು ಅದೇ ನೀರು ಕುಡೀತಾರೆ, ನಾವೇ ನೋಡಿದ್ದೀವಿ.

ಇಡೀ ವಾಕ್ಯಕ್ಕೆ ಒಂದು ಪದ ಸಾಕು: ಕುಡಿಯಬೇಡಿ. ಬಿಳಿ ಬಣ್ಣದ ಮೇಲೆ ದಪ್ಪ ಕೆಂಪು ಅಕ್ಷರ. ಪಕ್ಕದಲ್ಲಿ ಒಂದು ಲೋಟದ ಚಿತ್ರ, ಅದರ ಮೇಲೆ ಅಡ್ಡಗೀಟು. ನಲ್ಲಿಯ ಪೈಪಿಗೂ ಕೆಂಪು ಬಳಿಯಬೇಕು. ಬೋರ್ಡು ದೊಡ್ಡವರ ಎತ್ತರಕ್ಕೆ ಬೇಡ, ಚಿಕ್ಕ ಮಕ್ಕಳ ಕಣ್ಣಿನ ಎತ್ತರಕ್ಕೆ ಇರಲಿ. ಒಂದು ಡಬ್ಬಿ ಬಿಳಿ ಬಣ್ಣ, ಒಂದು ಡಬ್ಬಿ ಕೆಂಪು, ಎರಡು ಬ್ರಷ್ ಕೊಡಿಸಿದರೆ ಏಳನೇ ತರಗತಿಯವರು ಶನಿವಾರ ಬರೆಯುತ್ತೇವೆ ಎಂದು ಗುರುಗಳಲ್ಲಿ ವಿನಂತಿ.

ಮಾಡಿ ನೋಡಿ: ಒಂದು ಹಾಳೆಯಲ್ಲಿ 1 ಅಂಗುಲದ ಅಕ್ಷರದಲ್ಲಿ ನಿಮ್ಮ ಹೆಸರು ಬರೆದು ಗೋಡೆಗೆ ಅಂಟಿಸಿ. 10 ಅಡಿ, 20 ಅಡಿ, 30 ಅಡಿ ದೂರ ನಿಂತು ಓದಿ. ದೀರ್ಘ, ಒತ್ತು ಮೊದಲು ಎಲ್ಲಿ ಕಾಣದಾಯಿತು, ಗುರುತು ಹಾಕಿಕೊಳ್ಳಿ.

ಉತ್ತರಿಸಿ:
(ಅ) ಗಂಟೆಗೆ 54 ಕಿ.ಮೀ. ವೇಗದ ಬಸ್ಸು 3 ಸೆಕೆಂಡಿನಲ್ಲಿ ಎಷ್ಟು ಮೀಟರ್ ಹೋಗುತ್ತದೆ?
(ಆ) 6 ಅಡಿ ಉದ್ದ, 4 ಅಡಿ ಎತ್ತರದ ಬೋರ್ಡಿನ ಶೇ. 60 ಭಾಗ ಎಷ್ಟು ಚದರ ಅಡಿ?
(ಇ) ನಮ್ಮೂರಿನಲ್ಲಿ ಒಂದೇ ನೋಟಕ್ಕೆ ಓದಲು ಬರುವ ಬೋರ್ಡು ಯಾವುದು? ಕಾರಣ ಬರೆಯಿರಿ.

ಉತ್ತರ ಮುಂದಿನ ಸಂಚಿಕೆಯಲ್ಲಿ.

– 7ನೇ ತರಗತಿ