ಕೇಸು ಖುಲಾಸೆಯಾಗಿದೆ, ಠಾಣೆಯ ಕಡತದಲ್ಲಿ?

ಕಾಲೇಜು ದಿನಗಳ ಹೊಡೆದಾಟ, ಹಬ್ಬದ ರಾತ್ರಿಯ ಅಂದರ್ ಬಾಹರ್, ಬದುವಿನ ಜಗಳದಲ್ಲಿ ಮನೆಮಂದಿಯೆಲ್ಲರ ಹೆಸರು ಸೇರಿಸಿ ಕೊಟ್ಟ ದೂರು. ಇಂಥ ಕೇಸು ಎಂದೋ ಮುಗಿದಿದ್ದರೂ ಕೆಲಸ ಸಿಕ್ಕು ಪೊಲೀಸ್ ವೆರಿಫಿಕೇಷನ್ ಶುರುವಾದಾಗ ಮತ್ತೆ ತಲೆ ಎತ್ತುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ವಜಾ ಆದ ಪ್ರಕರಣದ ದಾಖಲೆ ಯಾರಿಗೂ ಕಾಣದಂತೆ ಮೊಹರು ಹಾಕಿಸಬಹುದು. ನಮ್ಮಲ್ಲಿ ವಯಸ್ಕರಿಗೆ ಅಂಥ ಪ್ರತ್ಯೇಕ ಕಾನೂನಿಲ್ಲ. ಆದ್ದರಿಂದ ‘ರೆಕಾರ್ಡ್ ಅಳಿಸಿಕೊಡುತ್ತೇನೆ’ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ದಾಖಲೆ ಅಳಿಸಲಾಗದಿದ್ದರೂ ಅದು ಸರಿಯಾಗಿರುವಂತೆ ನೋಡಿಕೊಳ್ಳಬಹುದು.

ಮೊದಲು, ಕೇಸು ಹೇಗೆ ಮುಗಿಯಿತು ಎಂದು ತಿಳಿದುಕೊಳ್ಳಿ. ಇ-ಕೋರ್ಟ್ಸ್ ಜಾಲತಾಣ ಅಥವಾ ಆ್ಯಪ್‌ನಲ್ಲಿ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿ ನೋಡಿ. ಸಂಖ್ಯೆ ಗೊತ್ತಿಲ್ಲದಿದ್ದರೆ ಹೆಸರು ಅಥವಾ ಎಫ್‌ಐಆರ್ ಸಂಖ್ಯೆಯಿಂದಲೂ ಹುಡುಕಬಹುದು.

ಹೆಚ್ಚಿನವರು ಎಡವುವುದು ಇಲ್ಲೇ. ಇಸ್ಪೀಟು ಕೇಸಿನಲ್ಲಿ ‘ತಪ್ಪಾಯಿತು’ ಎಂದು ಒಪ್ಪಿ ದಂಡ ಕಟ್ಟಿ ಬಂದವರು ಕೇಸು ಖುಲಾಸೆಯಾಯಿತೆಂದೇ ತಿಳಿದಿರುತ್ತಾರೆ. ಕಾನೂನಿನ ಕಣ್ಣಲ್ಲಿ ಅದು ಶಿಕ್ಷೆ. ಅದೇ ಲೋಕ ಅದಾಲತ್‌ನಲ್ಲೋ ಕೋರ್ಟಿನಲ್ಲೋ ಕಾನೂನು ಒಪ್ಪುವ ಅಪರಾಧಕ್ಕೆ ರಾಜಿಯಾಗಿದ್ದರೆ ಆರೋಪಿಯನ್ನು ಖುಲಾಸೆ ಮಾಡಿದಂತೆಯೇ ಲೆಕ್ಕ. ಪೊಲೀಸರು ‘ಬಿ’ ರಿಪೋರ್ಟ್ ಹಾಕಿದ್ದಾರೆ ಎಂದರೆ ಮುಗಿಯಲಿಲ್ಲ, ಮ್ಯಾಜಿಸ್ಟ್ರೇಟರು ಅದನ್ನು ಅಂಗೀಕರಿಸಿರಬೇಕು. ಎಫ್‌ಐಆರ್ ಇನ್ನೂ ಜೀವಂತವಾಗಿದ್ದು ಎರಡೂ ಕಡೆಯವರು ಒಂದಾಗಿದ್ದರೆ, ಅದನ್ನು ರದ್ದುಪಡಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಸೆಕ್ಷನ್ ಅಡಿ ಹೈಕೋರ್ಟಿಗೆ ಹೋಗಬಹುದು. ಬೆಂಗಳೂರಷ್ಟೇ ಅಲ್ಲ, ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ.

ಮುಂದಿನದು ಆದೇಶದ ದೃಢೀಕೃತ ನಕಲು. ಕೇಸು ನಡೆದ ಕೋರ್ಟಿನ ನಕಲು ಶಾಖೆಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ. ಎರಡು ಪ್ರತಿ ಪಡೆಯಿರಿ. ಹಳೆಯ ಕಡತಗಳನ್ನು ಕೋರ್ಟುಗಳು ಕಾಲಮಿತಿ ಮುಗಿದ ಮೇಲೆ ನಾಶಪಡಿಸುತ್ತವೆ, ಹಾಗಾಗಿ ಕೆಲಸ ಸಿಗಲಿ ಆಮೇಲೆ ನೋಡೋಣ ಎನ್ನಬೇಡಿ.

ಆ ನಕಲಿನ ಜೆರಾಕ್ಸ್ ಲಗತ್ತಿಸಿ, ಎಫ್‌ಐಆರ್ ದಾಖಲಾದ ಠಾಣೆಗೆ ಒಂದು ಮನವಿ ಕೊಡಿ: ಪ್ರಕರಣ ಇತ್ಯರ್ಥವಾಗಿದೆ, ದಾಖಲೆಯಲ್ಲಿ ನಮೂದಿಸಿ ಎಂದು. ಸ್ವೀಕೃತಿ ಪಡೆಯದೆ ಬರಬೇಡಿ. ಮನವಿಯ ಒಂದು ಪ್ರತಿಯನ್ನು ಎಸ್‌ಪಿ ಕಚೇರಿಗೆ (ನಗರದಲ್ಲಾದರೆ ಡಿಸಿಪಿ ಕಚೇರಿಗೆ) ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಕೋರ್ಟು ಬಿಟ್ಟರೂ ಠಾಣೆಯ ಕಂಪ್ಯೂಟರಿನಲ್ಲಿ ‘ವಿಚಾರಣೆ ಬಾಕಿ’ ಎಂದೇ ಉಳಿದುಬಿಡುವುದುಂಟು. ವೆರಿಫಿಕೇಷನ್ ವರದಿ ಕೆಡುವುದು ಬಹುಮಟ್ಟಿಗೆ ಇದರಿಂದಲೇ.

ಇನ್ನು ಅರ್ಜಿ ನಮೂನೆ. ಪ್ರಶ್ನೆಯನ್ನು ಎರಡು ಸಲ ಓದಿ. ‘ಈಗ ಕೇಸು ಬಾಕಿ ಇದೆಯೇ’ ಎಂದು ಕೇಳಿದ್ದರೆ ಮುಗಿದ ಕೇಸಿಗೆ ‘ಇಲ್ಲ’ ಎನ್ನುವುದು ಸುಳ್ಳಲ್ಲ. ‘ಎಂದಾದರೂ ಬಂಧನವಾಗಿತ್ತೇ, ಕೇಸು ದಾಖಲಾಗಿತ್ತೇ’ ಎಂದಿದ್ದರೆ ‘ಹೌದು’ ಎಂದು ಬರೆದು ಆದೇಶದ ಪ್ರತಿ ಸೇರಿಸಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಮಾಹಿತಿ ನಿಜವಿರಬೇಕು. ಎಳೆ ವಯಸ್ಸಿನ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತ ಮನ್ನಿಸಬಹುದು ಎಂದೂ ಆ ತೀರ್ಪು ಹೇಳುತ್ತದೆ. ಆದರೆ ಮನ್ನಿಸುವುದು ಬಿಡುವುದು ಅವರ ವಿವೇಚನೆ. ನಿಜ ಹೇಳಿದರೂ ನಿಮ್ಮ ಹಿನ್ನೆಲೆಯನ್ನು ತೂಗಿ ನೋಡುವ ಹಕ್ಕು ಅವರಿಗಿದೆ. ಹಾಗಿದ್ದರೂ ನನ್ನ ಮಟ್ಟಿಗೆ ಹೇಳಿಬಿಡುವುದೇ ಜಾಣತನ. ಕೆಲಸಕ್ಕೆ ಸೇರಿ ಎಷ್ಟೋ ದಿನವಾದ ಮೇಲೆ ಸಿಕ್ಕಿಬಿದ್ದರೆ, ಹಳೆಯ ಜಗಳಕ್ಕಿಂತ ಹೊಸ ಸುಳ್ಳೇ ಕೆಲಸ ಕಳೆಯುತ್ತದೆ.

18 ತುಂಬುವ ಮೊದಲಿನ ಸಣ್ಣ ತಪ್ಪಾಗಿದ್ದರೆ ದಾರಿ ಸುಲಭ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅದರಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನೂ ನಾಶಪಡಿಸಬೇಕು. ಹಾಗೆ ಮಾಡಿದ್ದಾರೆಯೇ ಎಂದು ಬಾಲನ್ಯಾಯ ಮಂಡಳಿಯಲ್ಲಿ ವಿಚಾರಿಸಿ.